ಕೊಡುವ ಪಾಠ ಮನೆಯಿಂದಲೇ



ಲೆಕ್ಕ ಕಲಿಯಲು ಶಾಲೆಯಿದೆ. ಈಜು ಕಲಿಯಲು ಊರ ಬಾವಿಯೋ ಹೊಳೆಯೋ ಇದೆ. ಕೊಡುವುದನ್ನು ನಾವು ಎಲ್ಲಿ ಕಲಿಯುತ್ತೇವೆ? ದಾನದ ಮಹತ್ವವನ್ನು ಕುರಿತು ಪರೀಕ್ಷೆಯಲ್ಲಿ ಐದು ಅಂಕದ ಉತ್ತರ ಬರೆದವರೆಲ್ಲ ದಾನಿಗಳಾಗುವುದಿಲ್ಲ. ಅಕ್ಷರ ಬಾರದ ಎಷ್ಟೋ ತಾಯಂದಿರು ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವರಲ್ಲ. ಹಾಗಿದ್ದರೆ ಈ ಗುಣ ಪುಸ್ತಕದಿಂದ ಬರುವುದಕ್ಕಿಂತ ಹೆಚ್ಚಾಗಿ ಬೇರೆಲ್ಲಿಂದಲೋ ಬರುತ್ತಿರಬೇಕು.

ಕ್ರೈಸ್ತ ಪರಂಪರೆಯಲ್ಲಿ ಔದಾರ್ಯವೆಂದರೆ ಏನು, ಅದು ತಂದೆತಾಯಿಯರಿಂದ ಮಕ್ಕಳಿಗೆ ಹೇಗೆ ಸಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಅದಕ್ಕೆ ಮೊದಲು ನಮ್ಮದೇ ನೆಲದ ಒಂದು ಮನೆತನವನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಪ್ರಶ್ನೆ ಒಂದು ಮತಕ್ಕೆ ಮಾತ್ರ ಸೇರಿದ್ದಲ್ಲ.

ತಂದೆ ಬರೆಯಿಸಿದ್ದು, ಮಗಳು ಹಂಚಿದ್ದು

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ ರನ್ನ ಬೆಳಗಲಿ ಎಂಬ ಊರಿದೆ. ಹತ್ತನೆಯ ಶತಮಾನದ ಮಹಾಕವಿಯೊಬ್ಬನನ್ನು ಆ ಊರು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡಿದೆ. ರನ್ನ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆಯ ಮಲಾರ ಹೊರುವ ಮನೆತನದ ಆ ಹುಡುಗ ವಿದ್ಯೆಯ ಹಂಬಲದಿಂದ ದಕ್ಷಿಣದ ಗಂಗರ ನಾಡಿಗೆ ಹೋದ, ಅಜಿತಸೇನಾಚಾರ್ಯರಲ್ಲಿ ಕಲಿತ, ಚಾವುಂಡರಾಯನ ಆಶ್ರಯ ಪಡೆದ. ಮುಂದೆ ಚಾಲುಕ್ಯರ ನಾಡಿನಲ್ಲಿ ಅವನಿಗೆ ಆಸರೆಯಾದವಳು ‘ದಾನಚಿಂತಾಮಣಿ’ ಅತ್ತಿಮಬ್ಬೆ. ಅವಳಿಗಾಗಿ ರನ್ನ 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದ.

ಅತ್ತಿಮಬ್ಬೆ ಪೊನ್ನ ಕವಿಯ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಿಮಗೆ ಗೊತ್ತಿರಬಹುದು. ಮುದ್ರಣಯಂತ್ರವಿಲ್ಲದ ಕಾಲವದು. ತಾಳೆಗರಿಯನ್ನು ಹದಮಾಡಿ, ಕಂಠದಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತುಂಬಿ, ಕಟ್ಟಬೇಕಾಗಿತ್ತು. ಒಂದು ಪ್ರತಿಯೇ ಲಿಪಿಕಾರನಿಗೆ ಹಲವು ದಿನಗಳ ದುಡಿಮೆ. ಅಂಥ ಸಾವಿರ ಪ್ರತಿಗಳು ಎಂದರೆ ಎಷ್ಟು ಕೈಗಳಿಗೆ ಕೂಲಿ, ಎಷ್ಟು ಓದುಗರಿಗೆ ಬೆಳಕು ಎಂದು ಯೋಚಿಸಿ.

ಆದರೆ ಅವಳು ಬೇರೆ ಕೃತಿಯನ್ನು ಬಿಟ್ಟು ‘ಶಾಂತಿಪುರಾಣ’ವನ್ನೇ ಏಕೆ ಬರೆಯಿಸಿದಳು? ಆ ಕೃತಿ ಅವಳ ತೌರುಮನೆಯದು. ಅವಳ ತಂದೆ ಮಲ್ಲಪ ಮತ್ತು ತಂದೆಯ ಸೋದರ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರರ ನೆನಪಿಗಾಗಿ ಪೊನ್ನನಿಂದ ಅದನ್ನು ಬರೆಯಿಸಿದ್ದರು. ತಂದೆ ಒಂದು ಕೃತಿ ಹುಟ್ಟಲು ಕಾರಣನಾದ. ಮಗಳು ಅದನ್ನು ಸಾವಿರವಾಗಿ ನಾಡಿಗೆ ಹಂಚಿದಳು. ಯುದ್ಧದಲ್ಲಿ ಗಂಡ ನಾಗದೇವನನ್ನು ಕಳೆದುಕೊಂಡ ಮೇಲೂ ಮಗನನ್ನು ಬೆಳೆಸುತ್ತ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸುತ್ತ ಅವಳು ಬಾಳಿದಳು. ಅಲ್ಲಿನ 1007ರ ಶಾಸನ ಅವಳ ದಾನವನ್ನು ಸಾರುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಹೃದ್ಯವಾಗಿದೆ. ರನ್ನ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟ. ತನಗೆ ನೆರವಾದ ಇಬ್ಬರ ಹೆಸರನ್ನೂ ಅವನು ತನ್ನ ಮನೆಯಲ್ಲಿ ಪ್ರತಿದಿನ ಕರೆಯುವಂತೆ ಮಾಡಿಕೊಂಡ. ಔದಾರ್ಯದ ನೆನಪು ಕೊಟ್ಟವರ ಮನೆಯಲ್ಲಿ ಮಾತ್ರವಲ್ಲ, ಪಡೆದವರ ಮನೆಯಲ್ಲಿಯೂ ಮಕ್ಕಳಿಗೆ ದಾಟುತ್ತದೆ.

ಕ್ರೈಸ್ತ ಔದಾರ್ಯವೆಂದರೆ ಏನು?

ಅತ್ತಿಮಬ್ಬೆಯದು ಜೈನ ಮನೆತನ. ಜೈನರಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ದಾನಗಳ ಎಣಿಕೆಯಿದೆ. ಕ್ರೈಸ್ತರು ದಾನವನ್ನು ಹೀಗೆ ವಿಂಗಡಿಸುವುದಕ್ಕಿಂತ ಹೆಚ್ಚಾಗಿ ಯೇಸು ಹೇಳಿದ ಕಥೆಗಳ ಮೂಲಕ, ಅವನು ಕಂಡು ತೋರಿಸಿದ ಮನುಷ್ಯರ ಮೂಲಕ ಅರಿಯುತ್ತಾರೆ. ಅವುಗಳಲ್ಲಿ ಮೂರನ್ನು ನೀವು ತಿಳಿದಿದ್ದರೆ ಸಾಕು.

ಮೊದಲನೆಯದು ಬಡ ವಿಧವೆಯ ಪ್ರಸಂಗ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ದೊಡ್ಡ ಮೊತ್ತ ಹಾಕುತ್ತಿದ್ದರು. ಒಬ್ಬ ವಿಧವೆ ಬಂದು ಎರಡು ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಆಕೆಯೇ ಎಂದು ಯೇಸು ಶಿಷ್ಯರಿಗೆ ತೋರಿಸಿದ. ಉಳಿದವರು ಮಿಕ್ಕಿದ್ದರಲ್ಲಿ ಕೊಟ್ಟಿದ್ದರು; ಆಕೆ ಬದುಕಿಗೆ ಇದ್ದುದನ್ನೇ ಕೊಟ್ಟಿದ್ದಳು. ಹಾಗಾಗಿ ಇಲ್ಲಿ ಅಳತೆ ಕೊಟ್ಟ ಮೊತ್ತದ್ದಲ್ಲ, ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದರದು.

ಎರಡನೆಯದು ಗುಟ್ಟಾಗಿ ಕೊಡುವ ಬೋಧನೆ. ಬೀದಿಯಲ್ಲಿ ಕಹಳೆ ಊದಿಸಿ ಕೊಡುವವರಿಗೆ ಜನರ ಹೊಗಳಿಕೆಯೇ ಕೂಲಿ. ಅಲ್ಲಿಗೆ ಅವರ ಲೆಕ್ಕ ಚುಕ್ತಾ ಆಯಿತು. ಒಂದು ಕೈ ಕೊಟ್ಟದ್ದು ಇನ್ನೊಂದು ಕೈಗೆ ತಿಳಿಯದಂತಿರಬೇಕು ಎಂಬುದು ಆ ಬೋಧನೆಯ ತಿರುಳು. ಪಡೆಯುವವನ ಮಾನ ಉಳಿಯುವುದೂ ಇದರಿಂದಲೇ.

ಮೂರನೆಯದು ಒಳ್ಳೆಯ ಸಮಾರ್ಯದವನ ಕಥೆ. ಕಳ್ಳರಿಂದ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಅವನದೇ ಜನಾಂಗದ ಪೂಜಾರಿ ನೋಡಿ ಆಚೆಯಿಂದ ಹೋಗಿಬಿಟ್ಟ. ಯಾರನ್ನು ಆ ಜನ ಹೊರಗಿನವನೆಂದು ದೂರವಿಟ್ಟಿದ್ದರೋ ಅಂಥ ಸಮಾರ್ಯದವನು ನಿಂತ. ಗಾಯ ತೊಳೆದು ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿ ತಾನು ನಡೆದ. ಛತ್ರದ ಖರ್ಚು ಕೊಟ್ಟು, ಹೆಚ್ಚಾದರೆ ಮರಳಿ ಬಂದಾಗ ಕೊಡುತ್ತೇನೆಂದ. ಗಾಯಗೊಂಡವನ ಮತವನ್ನು ಅವನು ಕೇಳಲಿಲ್ಲ. ಕೊಡುವಾಗ ನೆರೆಯವನು ಯಾರೆಂಬುದಕ್ಕೆ ಎಲ್ಲೆಯಿಲ್ಲ ಎಂದು ಈ ಕಥೆ ಹೇಳುತ್ತದೆ.

ಹೀಗೆ ತನಗೂ ತಾಗುವಂತೆ ಕೊಡುವುದು, ಸದ್ದಿಲ್ಲದೆ ಕೊಡುವುದು, ನಮ್ಮವರಲ್ಲದವರಿಗೂ ಕೊಡುವುದು, ಈ ಮೂರೂ ಸೇರಿದ್ದು ಕ್ರೈಸ್ತ ಔದಾರ್ಯ. ಇದರ ಹಿಂದಿನ ನಂಬಿಕೆಯೂ ಸರಳ: ತನ್ನಲ್ಲಿರುವುದೆಲ್ಲ ದೇವರು ಕೊಟ್ಟದ್ದು, ತಾನು ಅದರ ಯಜಮಾನನಲ್ಲ, ಪಾರುಪತ್ಯಗಾರ ಮಾತ್ರ.

ಇದು ಮನೆಯಲ್ಲಿ ಮಕ್ಕಳಿಗೆ ದಾಟುತ್ತದೆ ಎಂಬುದೂ ಆ ಪರಂಪರೆಯಲ್ಲಿ ಹಳೆಯ ಮಾತು. ಬೈಬಲಿನಲ್ಲಿ ತಿಮೊಥೆಯನೆಂಬ ತರುಣನಿಗೆ ಬರೆದ ಒಂದು ಪತ್ರವಿದೆ. ಅವನಲ್ಲಿ ಕಾಣುವ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತೆಂದು ಅದು ನೆನೆಯುತ್ತದೆ. ಆ ಮಾತಿನಲ್ಲಿ ಹೆಸರಿಸಿರುವುದು ಮನೆಯ ಇಬ್ಬರು ಹೆಂಗಸರನ್ನು; ಗುರುವನ್ನಲ್ಲ, ಪಂಡಿತರನ್ನಲ್ಲ.

ಬರದ ಕಾಲದ ಒಬ್ಬ ಬಾಲಕಿ

ಈಗ ಒಂದು ನಿಜವಾದ ಕುಟುಂಬವನ್ನು ನೋಡೋಣ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರ ಹಿಂಡಿತು. ನಮ್ಮ ಹಿರಿಯರು ಅದನ್ನು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಮೈಸೂರು, ಮದ್ರಾಸು, ಮುಂಬಯಿ, ಹೈದರಾಬಾದು ಸೀಮೆಗಳಲ್ಲಿ ಲಕ್ಷಾಂತರ ಜನ ಸತ್ತರು. ಮುಂಬಯಿ ಪ್ರಾಂತ್ಯದಲ್ಲಿ ಬಹಳ ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಇಂದಿನ ಬಾಗಲಕೋಟೆ, ವಿಜಯಪುರ ಭಾಗಗಳು ಆಗ ಆ ಜಿಲ್ಲೆಯಲ್ಲಿದ್ದವು. ಮುಧೋಳ, ಜಮಖಂಡಿ ಅದರ ಮಗ್ಗುಲಿನ ಸಂಸ್ಥಾನಗಳು. ಅಲ್ಲಿಗೆ ಹತ್ತಿರದ ನೇಕಾರರ ಊರು ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ 1851ರಿಂದ ಕೆಲಸ ಮಾಡುತ್ತಿತ್ತು. ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಸಲಹುವ ಹೊಣೆಯನ್ನು ಮಿಶನ್ನು ಉತ್ತರ ಕರ್ನಾಟಕದಲ್ಲಿ ಹೊತ್ತುಕೊಂಡಿತು.

ಅದೇ ಬರ ನೆರೆಯ ಆರ್ಕಾಟು ಸೀಮೆಯನ್ನೂ ಸುಟ್ಟಿತು. ಅಲ್ಲಿ ಅಮೆರಿಕದ ಸ್ಕಡರ್ ಮನೆತನದ ವೈದ್ಯರು ಸೇವೆಯಲ್ಲಿದ್ದರು. ಆ ಮನೆತನದ ಹಿರಿಯ ಡಾ. ಜಾನ್ ಸ್ಕಡರ್ 1819ರಲ್ಲಿ ನ್ಯೂಯಾರ್ಕಿನ ತಮ್ಮ ವೃತ್ತಿಯನ್ನು ಬಿಟ್ಟು ಸಿಂಹಳಕ್ಕೆ ಬಂದವರು. ಆಮೇಲೆ ಮದ್ರಾಸಿನ ಕಡೆ ನೆಲೆಸಿದರು. ಅವರ ಗಂಡುಮಕ್ಕಳಲ್ಲಿ ಏಳು ಮಂದಿ ಭಾರತದಲ್ಲಿ ಇದೇ ಕೆಲಸಕ್ಕೆ ನಿಂತರು. ಕೊನೆಯ ಮಗನ ಹೆಸರೂ ಜಾನ್. ಅವರ ಮಗಳು ಐಡಾ 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದಳು.

ಬರ ಬಂದಾಗ ಐಡಾಳಿಗೆ ಆರೇಳು ವರ್ಷ. ತಂದೆತಾಯಿ ಹಸಿದವರಿಗೆ ಅನ್ನ ಹಂಚುತ್ತಿದ್ದರು. ತಾವೇ ಕೈಯೆತ್ತಿ ತಿನ್ನಲಾರದಷ್ಟು ಸೊರಗಿದ ಮಕ್ಕಳ ಬಾಯಿಗೆ ಪುಟ್ಟ ಐಡಾ ಬ್ರೆಡ್ಡಿನ ತುಣುಕು ಮುರಿದು ಇಡುತ್ತಿದ್ದಳಂತೆ. ತನ್ನ ವಯಸ್ಸಿನ ಮಕ್ಕಳೇ ಸಾಯುವುದನ್ನು ಅವಳು ಕಂಡಳು.

ಇಷ್ಟು ಕೇಳಿದರೆ, ಅಂಥ ತಂದೆತಾಯಿಯ ಮಗಳು ಸಹಜವಾಗಿಯೇ ಸೇವೆಗೆ ಹೊರಟಳೆಂದು ನೀವು ಭಾವಿಸಬಹುದು. ನಡೆದದ್ದು ಹಾಗಲ್ಲ. ಓದಿಗಾಗಿ ಅವಳನ್ನು ಅಮೆರಿಕದಲ್ಲಿ ಬಂಧುಗಳ ಬಳಿ ಬಿಟ್ಟು ತಂದೆತಾಯಿ ಭಾರತಕ್ಕೆ ಮರಳಬೇಕಾಯಿತು. ತಂದೆತಾಯಿಯ ತ್ಯಾಗಕ್ಕೆ ಮಗಳೂ ಬೆಲೆ ತೆತ್ತಳು. ಬೆಳೆದ ಮೇಲೆ ತನಗೆ ಈ ಬಾಳು ಬೇಡ, ಅಮೆರಿಕದಲ್ಲೇ ಸುಖವಾಗಿರುತ್ತೇನೆ ಎಂದು ಅವಳು ನಿಶ್ಚಯಿಸಿದ್ದಳು. 1890ರಲ್ಲಿ ತಾಯಿ ಸೋಫಿಯಾ ಕಾಯಿಲೆ ಬಿದ್ದಾಗ ನೋಡಿಕೊಳ್ಳಲೆಂದು ಮಾತ್ರ ತಿಂಡಿವನಕ್ಕೆ ಬಂದಳು.

ಅಲ್ಲಿ ಒಂದು ರಾತ್ರಿ, ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಇನ್ನೊಬ್ಬನೂ ಮೇಲ್ಜಾತಿಯವನು. ತಂದೆ ವೈದ್ಯರಿದ್ದಾರೆ, ಬರುತ್ತಾರೆ ಎಂದಳು ಐಡಾ. ಪರಗಂಡಸು ಹೆರಿಗೆಮನೆಗೆ ಬರುವಂತಿಲ್ಲ, ನೀವೇ ಬನ್ನಿ ಎಂದರು ಅವರು. ಐಡಾಳಿಗೆ ವೈದ್ಯ ಗೊತ್ತಿರಲಿಲ್ಲ. ಬೆಳಗಾಗುವ ಹೊತ್ತಿಗೆ ಆ ಮೂವರು ತಾಯಂದಿರೂ ತೀರಿಕೊಂಡಿದ್ದರು.

ಐಡಾ ತಾನಾಗಿಯೇ ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆ ಕಲಿತರು. 1899ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಪದವಿ ಪಡೆದು, 1900ರಲ್ಲಿ ವೆಲ್ಲೂರಿಗೆ ಮರಳಿ ಮನೆಯಲ್ಲೇ ಒಂದು ಹಾಸಿಗೆಯ ಚಿಕಿತ್ಸಾಲಯ ತೆರೆದರು. ಅದೇ ವರ್ಷ ತಂದೆ ತೀರಿಕೊಂಡರು. ಮಗಳ ಜೊತೆಗೆ ನಿಂತವರು ತಾಯಿ. 1902ರಲ್ಲಿ ಶೆಲ್ ಆಸ್ಪತ್ರೆ ಬಂತು. ಅದಕ್ಕೆ ಹಣ ಕೊಟ್ಟವರು ತೀರಿಹೋದ ಹೆಂಡತಿಯ ನೆನಪಿಗಾಗಿ ಕೊಟ್ಟ ಒಬ್ಬ ಅಮೆರಿಕನ್ನರು. ವಾರಕ್ಕೊಮ್ಮೆ ಹಳ್ಳಿಗಳ ದಾರಿಯಲ್ಲಿ ಮರದಡಿ ನಿಂತು ರೋಗಿಗಳನ್ನು ನೋಡುವ ಪದ್ಧತಿ ಬೆಳೆಯಿತು. 1918ರಲ್ಲಿ ಹೆಂಗಸರಿಗಾಗಿ ವೈದ್ಯಕೀಯ ಶಾಲೆ ಶುರುವಾಯಿತು. ಕರ್ನಾಟಕದಿಂದಲೂ ರೋಗಿಗಳು ಇಂದು ಹುಡುಕಿಕೊಂಡು ಹೋಗುವ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಹೀಗೆ ಬೆಳೆದದ್ದು. ಐಡಾ ಸ್ಕಡರ್ 1960ರಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು.

ಈ ಜೀವನದಿಂದ ನಾವು ತಿಳಿಯಬೇಕಾದದ್ದೇನು? ತಂದೆತಾಯಿಯ ಔದಾರ್ಯ ಮನೆ, ಹೊಲದ ಹಾಗೆ ತಾನಾಗಿ ಮಕ್ಕಳ ಹೆಸರಿಗೆ ಬರುವ ಆಸ್ತಿಯಲ್ಲ. ಮಕ್ಕಳು ಅದನ್ನು ಬೇಡವೆನ್ನಬಹುದು. ಅದಕ್ಕಾಗಿ ತಂದೆತಾಯಿಯ ಮೇಲೆ ಮುನಿಸಿಕೊಳ್ಳಲೂಬಹುದು. ಆದರೆ ಕಣ್ಣು ಕಂಡದ್ದು ಒಳಗೆ ಉಳಿದಿರುತ್ತದೆ. ಬಾಗಿಲು ತಟ್ಟಿದ ದಿನ ತಾನು ಎದ್ದು ಹೋಗಬೇಕೆಂದು ಅನ್ನಿಸಿದರೆ, ಅದು ಚಿಕ್ಕಂದಿನಲ್ಲಿ ತುಣುಕು ಮುರಿದು ಇಟ್ಟ ಕೈಯ ಅಭ್ಯಾಸ. ಎದ್ದು ಹೋಗುವ ನಿರ್ಧಾರ ಮಾತ್ರ ಅವರವರದೇ.

ಅಡುಗೆಮನೆಯ ಒಂದು ಹಿಡಿ

ಆಸ್ಪತ್ರೆ ಕಟ್ಟಿದವರ ಮಾತು ದೊಡ್ಡದಾಯಿತು, ನಮ್ಮಂಥವರ ಮನೆಯಲ್ಲಿ ಇದು ಹೇಗೆ ಎಂದು ನೀವು ಕೇಳಬಹುದು. ಸಾಮಾನ್ಯ ಕ್ರೈಸ್ತ ಕುಟುಂಬಗಳು ಮಕ್ಕಳಿಗೆ ಕೊಡುವುದನ್ನು ಕಲಿಸುವ ಕೆಲವು ಪದ್ಧತಿಗಳನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿವೆ.

ಮಿಜೋರಾಮಿನಲ್ಲಿ 1910ರಿಂದ ಒಂದು ರೂಢಿಯಿದೆ. ತಾಯಿ ಅಡುಗೆಗೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮೊದಲು, ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾಳೆ. ಕೂಡಿಬಿದ್ದ ಅಕ್ಕಿ ಸಭೆಗೆ ಹೋಗುತ್ತದೆ. ಅದನ್ನು ಮಾರಿದ ಹಣದಿಂದ ಸಭೆಯ ಸೇವೆ ನಡೆಯುತ್ತದೆ. ಕೇರಳದ ಕ್ರೈಸ್ತರಲ್ಲಿಯೂ ‘ಪಿಡಿಯರಿ’ ಎಂಬ ಇಂಥದೇ ಪದ್ಧತಿಯಿದೆ. ಮಠಗಳಿಗೆ ಹಿಡಿಯಕ್ಕಿ, ಹಿಡಿಜೋಳ ಎತ್ತಿಡುವ ಮನೆಗಳನ್ನು ಕಂಡ ನಮಗೆ ಇದು ಹೊಸದೆನ್ನಿಸುವುದಿಲ್ಲ. ಇದರ ಸೂಕ್ಷ್ಮ ಗಮನಿಸಿ: ಆ ಹಿಡಿಯನ್ನು ತೆಗೆಯುವುದು ಉಂಡು ಮಿಕ್ಕ ಮೇಲೆ ಅಲ್ಲ, ಉಣ್ಣುವ ಮೊದಲು. ಒಲೆಯ ಬಳಿ ಕುಳಿತ ಮಗು ದಿನಕ್ಕೆರಡು ಸಲ ಅದನ್ನು ನೋಡುತ್ತದೆ. ತಾಯಿ ಒಂದು ಮಾತೂ ಆಡಬೇಕಾಗಿಲ್ಲ.

ನಮ್ಮ ಕರಾವಳಿಯ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಆಚರಿಸುವ ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುತ್ತಾರೆ. ಪ್ರೊಟೆಸ್ಟೆಂಟ್ ಸಭೆಗಳ ಸುಗ್ಗಿಯ ಹಬ್ಬದಲ್ಲಿ ಮೊದಲ ಕುಂಬಳಕಾಯಿ, ಬಾಳೆಗೊನೆ, ಕೋಳಿ, ತೆಂಗು ದೇವಾಲಯಕ್ಕೆ ಬರುತ್ತವೆ. ಹರಾಜಿನಲ್ಲಿ ಬಂದ ಹಣ ಸಭೆಯ ಸೇವೆಗೆ ಸಲ್ಲುತ್ತದೆ. ತಂದೆ ಹೊತ್ತು ತಂದ ಕಾಯಿಯನ್ನು ಇನ್ನೊಬ್ಬರು ಕೊಂಡೊಯ್ಯುವುದನ್ನು ಮಗು ನೋಡುತ್ತದೆ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬೆಳೆ ಕೊಯ್ಯುವವರಿಗೆ ಒಂದು ಕಟ್ಟಳೆಯಿದೆ. ಹೊಲದ ಅಂಚಿನವರೆಗೂ ಕೊಯ್ಯಬಾರದು. ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ರೂತಳೆಂಬ ಬಡ ಸೊಸೆ ಹೀಗೆ ತೆನೆ ಆಯ್ದು ಅತ್ತೆಯನ್ನು ಸಾಕಿದ ಕಥೆ ಅಲ್ಲಿದೆ. ಘಟಪ್ರಭಾ ತೀರದ ಜೋಳದ ಹೊಲಗಳನ್ನು ಬಲ್ಲವರಿಗೆ ‘ಹಕ್ಕಲಾಯುವುದು’ ಎಂಬ ಮಾತು ಗೊತ್ತು. ಕೊಯ್ಲಾದ ಹೊಲದಲ್ಲಿ ಬಡವರು ಉದುರಿದ ತೆನೆ ಆಯ್ದುಕೊಳ್ಳುವುದನ್ನು ನೋಡಿಯೂ ನೋಡದಂತೆ ಹೋಗುವ ರೈತ, ತನ್ನ ಹಿಂದೆ ಬರುವ ಮಗನಿಗೆ ದೊಡ್ಡ ಪಾಠವನ್ನೇ ಕಲಿಸುತ್ತಿರುತ್ತಾನೆ. ಅಲ್ಲಿ ಬೇಡುವ ಪ್ರಸಂಗವೇ ಇಲ್ಲ. ಆದ್ದರಿಂದ ಯಾರ ಮಾನವೂ ಹೋಗುವುದಿಲ್ಲ.

ಔದಾರ್ಯ ಕೆಡುವುದು ಹೇಗೆ?

ಮಕ್ಕಳು ಒಳ್ಳೆಯದನ್ನಷ್ಟೇ ನೋಡುವುದಿಲ್ಲ. ಹಬ್ಬದ ದಿನ ಫಲಕದಲ್ಲಿ ಹೆಸರು ಬರೆಸಿ ದೇಣಿಗೆ ಕೊಟ್ಟ ತಂದೆ, ಮರುದಿನ ಕೂಲಿಯವಳ ಸಂಬಳದಲ್ಲಿ ಹತ್ತು ರೂಪಾಯಿ ಹಿಡಿದರೆ ಮಗು ಕಲಿಯುವುದು ಎರಡನೆಯದನ್ನು. ಹಳಸಿದ ಅನ್ನವನ್ನು, ಹರಿದ ಬಟ್ಟೆಯನ್ನು ಕೊಟ್ಟು ಪುಣ್ಯವೆಂದರೆ, ಬೇಡವಾದದ್ದನ್ನು ಹೊರಹಾಕುವುದೇ ದಾನವೆಂದು ಮಗು ತಿಳಿಯುತ್ತದೆ.

ಇನ್ನೊಂದು ಕೇಡು ಹೆಚ್ಚು ಗಂಭೀರವಾದದ್ದು. ಕೊಟ್ಟದ್ದಕ್ಕೆ ಪ್ರತಿಯಾಗಿ ಮತವನ್ನೋ ಓಟನ್ನೋ ನಿಷ್ಠೆಯನ್ನೋ ಕೇಳಿದರೆ ಅದು ವ್ಯಾಪಾರ. ಕ್ರೈಸ್ತ ಸಂಸ್ಥೆಗಳ ಸೇವೆಯ ಬಗೆಗೂ ಈ ಪ್ರಶ್ನೆ ನಮ್ಮ ದೇಶದಲ್ಲಿ ಎದ್ದಿದೆ. ಅದನ್ನು ಕೇಳುವುದು ತಪ್ಪಲ್ಲ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಸಮಾರ್ಯದವನು ಛತ್ರದಲ್ಲಿ ಹಣ ಕೊಟ್ಟು ಹೊರಟ. ಗಾಯಗೊಂಡವನಿಂದ ಏನನ್ನೂ ಕೇಳಲಿಲ್ಲ. ಆ ಕಥೆಯೇ ಅಳತೆಗೋಲು. ಯಾವ ಮತದವರ ದಾನವನ್ನಾದರೂ ಅದರಿಂದಲೇ ಅಳೆಯಬಹುದು.

ನಿಮ್ಮ ತಂದೆತಾಯಿ ಕೈಬಿಗಿ ಹಿಡಿದವರಾಗಿದ್ದರೆ? ಅವರನ್ನು ಜಿಪುಣರೆಂದು ಹಳಿಯುವ ಮೊದಲು ಅವರ ಬಾಲ್ಯವನ್ನು ಕೇಳಿ ತಿಳಿಯಿರಿ. ಹಸಿವನ್ನು ಕಂಡವರು, ಸಾಲದಲ್ಲಿ ಬೆಂದವರು, ಮಕ್ಕಳ ಫೀಸಿಗಾಗಿ ಒಂದೊಂದು ರೂಪಾಯಿ ಕೂಡಿಡುವವರು ಬಿಗಿಯಾಗಿರುವುದು ಸಹಜ. ಅವರು ತಮಗೆಂದು ಉಳಿಸಿಕೊಳ್ಳದೆ ನಿಮಗೆ ಕೊಟ್ಟದ್ದೂ ಕೊಡುಗೆಯೇ. ಅದನ್ನು ಮನೆಯ ಹೊಸ್ತಿಲಿನಾಚೆಗೂ ದಾಟಿಸುವ ಕೆಲಸ ನಿಮ್ಮ ಪೀಳಿಗೆಯದು. ಮಲ್ಲಪನ ಒಂದು ಕೃತಿಯನ್ನು ಅತ್ತಿಮಬ್ಬೆ ಸಾವಿರ ಮಾಡಿದ್ದು ಇದೇ ರೀತಿ.

ನೀವು ಕೊಡಬಲ್ಲದ್ದು

ವಿದ್ಯಾರ್ಥಿಯ ಜೇಬಿನಲ್ಲಿ ಹಣವಿರುವುದಿಲ್ಲ. ಆದರೆ ಗೈರುಹಾಜರಾದ ಗೆಳೆಯನಿಗೆ ಟಿಪ್ಪಣಿ ಕೊಡಬಹುದು. ತರಗತಿಯಲ್ಲಿ ಹಿಂದೆ ಬಿದ್ದವನಿಗೆ ಒಂದು ಗಂಟೆ ಲೆಕ್ಕ ಹೇಳಿಕೊಡಬಹುದು. ಓದಿ ಮುಗಿದ ಪಠ್ಯಪುಸ್ತಕವನ್ನು ಅಟ್ಟಹಾಕಿ, ಹಾಳೆ ಹರಿಯದಂತೆ ಇಟ್ಟು ಕೆಳಗಿನ ತರಗತಿಯವರಿಗೆ ದಾಟಿಸಬಹುದು. ಹದಿನೆಂಟು ತುಂಬಿದ ಆರೋಗ್ಯವಂತರು ರಕ್ತ ಕೊಡಬಹುದು. ಮನೆಯ ಅಜ್ಜಿಗೆ ಪತ್ರಿಕೆ ಓದಿ ಹೇಳಬಹುದು. ಇವುಗಳಲ್ಲಿ ಯಾವುದನ್ನು ಮಾಡಿದರೂ ಮೂರು ಮಾತು ನೆನಪಿರಲಿ: ನಿಮಗೂ ಸ್ವಲ್ಪ ತಾಗುವಷ್ಟು ಕೊಡಿ, ಹೇಳಿಕೊಳ್ಳಬೇಡಿ, ನಿಮ್ಮ ಗುಂಪಿನವರಲ್ಲದವರನ್ನು ಬಿಡಬೇಡಿ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ, ಅವರು ಈಗಾಗಲೇ ನಿಮ್ಮನ್ನು ನೋಡಿ ಕಲಿಯುತ್ತಿದ್ದಾರೆ.

ತರಗತಿಯಲ್ಲಿ ಚರ್ಚೆಗೆ

1. ವಿಧವೆಯ ಎರಡು ಕಾಸು ಶ್ರೀಮಂತರ ಕಾಣಿಕೆಗಿಂತ ಹೇಗೆ ಹೆಚ್ಚು? ಇಂದಿನ ಬದುಕಿನಿಂದ ಒಂದು ಉದಾಹರಣೆ ಕೊಡಿ.

2. ಐಡಾ ಸ್ಕಡರ್ ಮೊದಲು ಸೇವೆಯ ಬಾಳನ್ನು ಬೇಡವೆಂದದ್ದು ತಪ್ಪೇ? ತಂದೆತಾಯಿಯ ತ್ಯಾಗದ ಭಾರವನ್ನು ಮಕ್ಕಳು ಹೊರಬೇಕೇ?

3. ನಿಮ್ಮ ಮನೆಯಲ್ಲಿ, ನಿಮ್ಮ ಮತದ ಆಚರಣೆಯಲ್ಲಿ, ಮಾತಿಲ್ಲದೆ ಕೊಡುವುದನ್ನು ಕಲಿಸುವ ಒಂದು ಪದ್ಧತಿಯನ್ನು ಹಿರಿಯರಿಂದ ಕೇಳಿ ಬರೆಯಿರಿ.